ದಿನಬಳಕೆಗೆ 9 ಇಂಚಿನ ಕಾಲುದೀಪ: ಕೊಳ್ಳುವ ಮೊದಲು, ಹೊತ್ತಿಸುವ ಮೊದಲು

ಕಾಸರಗೋಡಿನ ಪಾತ್ರೆ ಅಂಗಡಿಗಳಲ್ಲಿ ದೀಪ ಕೇಳಿದರೆ ಮೊದಲು ಬರುವ ಮರುಪ್ರಶ್ನೆ, "ಕೊಡ್ಲಿಕ್ಕಾ, ಮನೆಗಾ?" ಕೊಡಲಿಕ್ಕೆ ಎಂದರೆ ಗೃಹಪ್ರವೇಶಕ್ಕೋ ಮದುವೆಗೋ ಉಡುಗೊರೆ. ಅದಕ್ಕೆ ಮುಂದಿನ ಕಪಾಟು: ಕನ್ನಡಿಯಂಥ ಹೊಳಪು, ನೋಡಲು ಎತ್ತರ, ಎತ್ತಿದರೆ ಹಗುರ. ಮನೆಗೆ ಎಂದವರಿಗೆ ಒಳಗಿನಿಂದ ತುಸು ಮಂಕಾದ, ಅಷ್ಟೇ ಎತ್ತರಕ್ಕೆ ಎಷ್ಟೋ ಹೆಚ್ಚು ತೂಗುವ ಎರಕದ ದೀಪ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ, ದಿನಾ ಮೂವಂತಿಗೆ ಹೊತ್ತಿಸುವ 9 ಇಂಚಿನ ಎರಕದ ಹಿತ್ತಾಳೆಯ ಕಾಲುದೀಪದ ಬಗ್ಗೆ. ನೆರೆಯ ಮಲಯಾಳಿ ಮನೆಯಲ್ಲಿ ಇದೇ ನಿಲವಿಳಕ್ಕ್.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನಬಳಕೆಗೆ ಇದಕ್ಕಿಂತ ದೊಡ್ಡದೂ ಬೇಡ, ಚಿಕ್ಕದೂ ಬೇಡ. ಸಂಜೆ ದೀಪ ನಿಂತುಹೋದ ಬಹಳಷ್ಟು ಮನೆಗಳಲ್ಲಿ ನಿಂತದ್ದು ನಂಬಿಕೆಯಲ್ಲ, ದೀಪ ತೊಳೆಯುವ ಉಮೇದು. ಐದು ಅಂತಸ್ತಿನ, ನವಿಲು ಕೂತ, ಕೆತ್ತನೆಯ ಸಂದುಗಳೆಲ್ಲ ಜಿಡ್ಡು ಹಿಡಿದ ದೀಪವನ್ನು ವಾರ ವಾರ ತೊಳೆಯುವ ತಾಳ್ಮೆ ಯಾರಿಗಿದೆ? ಅದು ಶೋಕೇಸಿಗೆ ಹೋಗುತ್ತದೆ, ದೇವರ ಮುಂದೆ ಬಲ್ಬು ಬರುತ್ತದೆ. 9 ಇಂಚಿನದು ಒಂದು ಕಿಲೋ ಆಸುಪಾಸು ತೂಗುತ್ತದೆ, ಒಂದು ಕೈಯಲ್ಲಿ ಹಿಡಿದು ನಳ್ಳಿ ಕೆಳಗೆ ತಿರುಗಿಸಬಹುದು, ಬಟ್ಟಲಿನ ಮೂಲೆಗೆಲ್ಲ ಹೆಬ್ಬೆರಳು ಹೋಗುತ್ತದೆ. 6 ಇಂಚಿನದರಲ್ಲಿ ಬಟ್ಟಲು ಕಿರಿದಾಗಿ ಬತ್ತಿ ಮುಳುಗುತ್ತದೆ. ಅದಲ್ಲದೆ ಜ್ವಾಲೆ ನೆಲಕ್ಕೆ ಹತ್ತಿರವಾಗಿ, ಬಾಗಿಲಡಿಯಿಂದ ನುಸುಳುವ ಗಾಳಿಗೆ ನೇರ ಸಿಗುತ್ತದೆ.

ಬೆಲೆ ಇಲ್ಲಿ ಬರೆದು ಪ್ರಯೋಜನವಿಲ್ಲ, ಎರಕದ ದೀಪಕ್ಕೆ ತೂಕದ ಮೇಲೆ ದರ, ಲೋಹದ ದರ ದಿನ ದಿನ ಬೇರೆ. ಕೊಳ್ಳುವಾಗ ತಕ್ಕಡಿಯ ಮೇಲೆ ಇಡಿಸಿ, ಕಿಲೋಗೆ ಎಷ್ಟು ಎಂದು ಕೇಳಿ, ಎರಡು ಅಂಗಡಿಯಲ್ಲಿ ಅದೇ ಲೆಕ್ಕದಲ್ಲಿ ಹೋಲಿಸಿ. "ಪೀಸಿಗೆ ಇಷ್ಟು" ಎನ್ನುವ ದೀಪ ಹೆಚ್ಚಾಗಿ ತಗಡಿನಲ್ಲಿ ಒತ್ತಿ ಮಾಡಿದ್ದು. ಅಂಗಡಿಯಲ್ಲಿ "ಓಡು" ಎಂದ ಮಾತ್ರಕ್ಕೆ ಕಂಚು ಎಂದುಕೊಳ್ಳಬೇಡಿ. ಕಂಚೆಂದರೆ ತಾಮ್ರಕ್ಕೆ ತವರ ಸೇರಿದ್ದು, ಹಿತ್ತಾಳೆ ಎಂದರೆ ಸತು ಸೇರಿದ್ದು. ಬಟ್ಟಲಿನ ಅಂಚಿಗೆ ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚು ಗಂಟೆಯ ಹಾಗೆ ಎಳೆದು ಹೇಳುತ್ತದೆ, ಹಿತ್ತಾಳೆ ಬೇಗ ಸುಮ್ಮನಾಗುತ್ತದೆ. ದೀಪಕ್ಕೆ ಹಿತ್ತಾಳೆಯಾದರೆ ಏನೂ ಕೊರತೆಯಿಲ್ಲ, ಬಿದ್ದರೆ ಕಂಚು ಒಡೆಯುತ್ತದೆ, ಹಿತ್ತಾಳೆ ನೆಗ್ಗುತ್ತದೆ ಅಷ್ಟೆ. ಆದರೆ ಕಂಚಿನ ದರ ಕೊಟ್ಟು ಹಿತ್ತಾಳೆ ತರಬಾರದು.

ಕಾಸರಗೋಡಿಗೆ ಹತ್ತಿರದ ಎರಕದ ಊರು ಪಯ್ಯನ್ನೂರು ಕಡೆಯ ಕುಞಿಮಂಗಲ. ಮೇಣದ ಅಚ್ಚಿನ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಕರಗಿದ ಲೋಹ ಹೊಯ್ಯುವ ಕ್ರಮ ಅಲ್ಲಿಯದು. ತಮಿಳುನಾಡಿನ ಕುಂಭಕೋಣದ ಬಳಿ ನಾಚಿಯಾರ್‌ಕೋವಿಲಿನ ಕುತ್ತುವಿಳಕ್ಕು ಬೇರೆ ದಾರಿಯಲ್ಲಿ ಬರುತ್ತದೆ. ಅದು ಕಾವೇರಿ ದಂಡೆಯ ನಯವಾದ ಮಣ್ಣಿನ ಅಚ್ಚಿನಲ್ಲಿ ಎರೆದದ್ದು, ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಎರಡರಲ್ಲಿ ಯಾವುದಾದರೂ ಆಗಬಹುದು. ವ್ಯತ್ಯಾಸ ಕಾಣುವುದು ಬಟ್ಟಲಿನ ಆಕಾರದಲ್ಲಿ: ತಮಿಳು ದೀಪದ ಬಟ್ಟಲಿಗೆ ಐದು ಮೂಲೆ ಚೂಪಾಗಿ ಎದ್ದಿರುತ್ತದೆ, ಮಲಯಾಳದ ದೀಪದ್ದು ಹೆಚ್ಚಾಗಿ ದುಂಡು, ತೆರೆದ ತಟ್ಟೆ. ಬತ್ತಿ ಜಾರದಿರಲು ಮೂಲೆಯಿದ್ದರೆ ಅನುಕೂಲ, ತೊಳೆಯಲು ದುಂಡು. ಒಂದೇ ಆಯ್ಕೆ ಎಂದರೆ ದುಂಡಿಗೇ ನಮ್ಮ ಮತ.

ಅಂಗಡಿಯಲ್ಲೇ ನೋಡಬೇಕಾದದ್ದು ತಿರುಪು. ಕಾಲುದೀಪಕ್ಕೆ ಅಡಿ, ಕಂಬ, ಬಟ್ಟಲು, ತುದಿಯ ಮೊಗ್ಗು ಎಂದು ಮೂರೋ ನಾಲ್ಕೋ ಭಾಗ, ಒಂದಕ್ಕೊಂದು ತಿರುಪಿನಲ್ಲಿ ಕೂರುತ್ತವೆ. ಬಟ್ಟಲಿನ ನಡುವೆ ತೂತು ಇದ್ದು ಅದರ ಮೂಲಕ ತಿರುಪು ಹಾಯ್ದಿದ್ದರೆ ಎಣ್ಣೆ ಸೋರುವುದು ಅಲ್ಲಿಯೇ. ಬಟ್ಟಲಿಗೆ ನೀರು ಹಾಕಿಸಿ ಹತ್ತು ನಿಮಿಷ ಕಾಗದದ ಮೇಲೆ ನಿಲ್ಲಿಸಿ. ನೀರಿಗೆ ತಡೆದದ್ದು ಎಣ್ಣೆಗೂ ತಡೆದೀತೆಂಬ ಖಾತ್ರಿಯಿಲ್ಲ, ನೀರಿಗೇ ಸೋರಿದರೆ ಮಾತ್ರ ಅನುಮಾನವೇ ಬೇಡ. ಈಗಾಗಲೇ ಮನೆಗೆ ಬಂದ ದೀಪ ಸೋರುತ್ತಿದ್ದರೆ ತಿರುಪಿನ ಸುತ್ತಿಗೆ ಜೇನುಮೇಣ ಉಜ್ಜಿ ಬಿಗಿ ಮಾಡಿ. ಪ್ಲಂಬರಿನ ಬಿಳಿ ಟೇಪು ಸುತ್ತಿದರೂ ಸೋರುವುದು ನಿಲ್ಲುತ್ತದೆ, ಚೆಂದ ಮಾತ್ರ ಕಾಣುವುದಿಲ್ಲ. ಬಟ್ಟಲು, ಕಂಬ ಒಂದೇ ಎರಕದಲ್ಲಿ ಬಂದದ್ದು ಸಿಕ್ಕಿದರೆ ಈ ರಗಳೆಯೇ ಇಲ್ಲ.

ಇನ್ನು ಅಡಿ ತಿರುಗಿಸಿ ನೋಡಿ. ಟೊಳ್ಳಾಗಿ, ಒಳಗಿನ ಒರಟು ಲೋಹ ಕಾಣುವಂತಿರಬೇಕು. ಮುಚ್ಚಿದ್ದರೆ ಒಳಗೆ ತೂಕಕ್ಕೆಂದು ಏನು ತುಂಬಿದ್ದಾರೋ ಗೊತ್ತಾಗುವುದಿಲ್ಲ. ಅಯಸ್ಕಾಂತ ಒಂದು ಕಿಸೆಯಲ್ಲಿರಲಿ, ಹಿತ್ತಾಳೆಗೆ ಅದು ಅಂಟುವುದಿಲ್ಲ. ಕಂಬಕ್ಕೆ ಎಳೆದರೆ ಒಳಗೆ ಕಬ್ಬಿಣದ ಸರಳು ಇದೆ ಎಂದರ್ಥ, ನಾಲ್ಕು ಮಳೆಗಾಲದಲ್ಲಿ ತುಕ್ಕು ಹೊರಗೆ ಇಳಿಯುತ್ತದೆ. ಹೊಸ ದೀಪಕ್ಕೆ ಹೊಳಪು ಉಳಿಯಲೆಂದು ಲ್ಯಾಕರ್ ಬಳಿದಿರುವುದೂ ಉಂಟು. ಅದು ಬೆಂಕಿಯ ಬಿಸಿಗೆ ಹಳದಿ ಹಳದಿಯಾಗಿ ಹೊಪ್ಪಳೆ ಏಳುತ್ತದೆ, ಹುಣಸೆಹುಳಿ ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಏಕೆಂದರೆ ಹುಳಿ ಲೋಹಕ್ಕೆ ತಾಗುತ್ತಲೇ ಇಲ್ಲ. ಮೊದಲ ದಿನವೇ ಕುದಿಯುವ ನೀರಿಗೆ ಲೀಟರಿಗೆ ಎರಡು ಊಟದ ಚಮಚ ಅಡುಗೆ ಸೋಡಾ ಹಾಕಿ ಕಾಲು ಗಂಟೆ ಮುಳುಗಿಸಿಟ್ಟರೆ ಸಿಪ್ಪೆಯ ಹಾಗೆ ಬಿಡುತ್ತದೆ. ಉಳಿದದ್ದನ್ನು ಉಗುರಿನ ಬಣ್ಣ ತೆಗೆಯುವ ಅಸಿಟೋನಿನಲ್ಲಿ ಒರೆಸಬಹುದು, ಒಲೆಯಿಂದ ದೂರ ಕೂತು.

ಎಣ್ಣೆಯ ವಿಷಯಕ್ಕೆ ಬಂದರೆ ನಮ್ಮೂರಿನಲ್ಲಿ ಮಾತು ಉದ್ದವಾಗುತ್ತದೆ. ಮಲಯಾಳದಲ್ಲಿ ತೆಂಗಿನೆಣ್ಣೆಗೆ ವೆಳಿಚ್ಚೆಣ್ಣ ಎಂದು ಹೆಸರು, ವೆಳಿಚ್ಚಂ ಎಂದರೆ ಬೆಳಕು. ಬೆಳಕಿನೆಣ್ಣೆ ಎಂಬ ಹೆಸರನ್ನು ಬಾಯಲ್ಲಿಟ್ಟುಕೊಂಡೇ ಅದರಲ್ಲಿ ಮೀನು ಹುರಿಯುತ್ತಾರೆ, ತಲೆಗೆ ಹಚ್ಚುತ್ತಾರೆ. ಕನ್ನಡದ "ಎಣ್ಣೆ" ಎಂಬ ಪದವಾದರೋ ಎಳ್ಳು, ನೆಯ್ ಎರಡೂ ಕೂಡಿ ಆದದ್ದು. ಹಾಗಾಗಿ ದೀಪಕ್ಕೆ ತೆಂಗೋ ಎಳ್ಳೋ ಎಂಬ ಜಗಳ ಗಡಿಯಷ್ಟೇ ಹಳೆಯದಿರಬೇಕು. ಎರಡೂ ಚೆನ್ನಾಗಿ ಉರಿಯುತ್ತವೆ. ತೆಂಗಿನೆಣ್ಣೆ ಬಟ್ಟಲಿನಲ್ಲಿ ಅಂಟಾಗುವುದಿಲ್ಲ, ಎಳ್ಳೆಣ್ಣೆ ಒಂದು ವಾರ ಹಾಗೇ ಬಿಟ್ಟರೆ ಗಾಳಿಗೆ ಬಲಿತು ಗೋಂದಿನ ಪದರ ಕಟ್ಟುತ್ತದೆ, ತೊಳೆಯುವವರಿಗೆ ಗೊತ್ತು. ತೆಂಗಿನೆಣ್ಣೆಯ ತೊಂದರೆ ಚಳಿಯದು. ಅದು ಹೆಪ್ಪುಗಟ್ಟುವುದು 24 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಬದಿಯಡ್ಕ, ಮುಳ್ಳೇರಿಯದ ಕಡೆ ಬಟ್ಟಲಿನಲ್ಲಿ ಬೆಳ್ಳಗೆ ಕೂತಿರುತ್ತದೆ, ಬತ್ತಿಯ ಬಾಯಿಗೆ ಎಣ್ಣೆ ಏರದೆ ಹತ್ತಿಯೇ ಉರಿಯುತ್ತದೆ. ಆ ಎರಡು ತಿಂಗಳು ಮೂರು ಪಾಲು ತೆಂಗಿನೆಣ್ಣೆಗೆ ಒಂದು ಪಾಲು ಎಳ್ಳೆಣ್ಣೆ ಬೆರೆಸಿಟ್ಟರೆ ಹೆಪ್ಪು ಅಷ್ಟು ಬೇಗ ಕಟ್ಟುವುದಿಲ್ಲ.

ಗಾಣದ ಎಣ್ಣೆಯಾದರೆ ಒಂದು ಮಾತು. ಕೊಬ್ಬರಿ ಪೂರ್ತಿ ಒಣಗಿರಬೇಕು, ತೇವ ನೂರಕ್ಕೆ ಆರರೊಳಗೆ ಎಂಬುದು ಕೊಬ್ಬರಿಯ ಹದ. ಮುರಿದರೆ ಟಕ್ಕೆಂದು ತುಂಡಾಗಬೇಕು, ಬಾಗಬಾರದು. ಹಸಿ ಕೊಬ್ಬರಿಯ ಎಣ್ಣೆ ದೀಪದಲ್ಲಿ ಚಟಪಟ ಎನ್ನುತ್ತದೆ, ಬೇಗ ಕಮಟು ಬರುತ್ತದೆ, ಕಮಟು ಎಣ್ಣೆಯ ಆಮ್ಲ ಹಿತ್ತಾಳೆಗೆ ಹಸಿರು ಹಿಡಿಸುತ್ತದೆ. ಬಟ್ಟಲಿನ ಅಂಚಿನಲ್ಲಿ ಕಾಣುವ ಆ ಹಸಿರು ಜಿಡ್ಡು ಪಾಚಿಯಲ್ಲ, ತಾಮ್ರ ಎಣ್ಣೆಗೆ ಇಳಿದದ್ದು. ಬಟ್ಟಲಿನಲ್ಲಿ ಉಳಿದ ಎಣ್ಣೆಯನ್ನು ಮತ್ತೆ ಅಡುಗೆಗೆ ತೆಗೆದುಕೊಳ್ಳಲೇಬಾರದು. ಬಾಗಿಲಿನ ತಿರುಗಣಿಗೆ ಹಾಕಿ, ಕತ್ತಿಗೆ ಸವರಿ.

2025ರಲ್ಲಿ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿದಾಗ "ದೀಪದ ಎಣ್ಣೆ" ಎಂಬ ಬಾಟಲಿಯ ಕಡೆ ಕೈ ಹೋದದ್ದು ಸಹಜ. ಕಾಸರಗೋಡಿನಲ್ಲಿ ಸಿಗುವ ಬಾಟಲಿಯ ಸಣ್ಣಕ್ಷರ ಹೆಚ್ಚಾಗಿ ಮಲಯಾಳದಲ್ಲಿ. ವಿಳಕ್ಕೆಣ್ಣ ಎಂದರೆ ದೀಪದೆಣ್ಣೆ, ಎಳ್ಳೆಣ್ಣ ಅಥವಾ ನಲ್ಲೆಣ್ಣ ಎಂದರೆ ಎಳ್ಳಿನದು, "ಭಕ್ಷ್ಯಯೋಗ್ಯಮಲ್ಲ" ಎಂದರೆ ತಿನ್ನಲಾಗದ್ದು. ಈ ಕೊನೆಯ ಪದ ಇದ್ದರೆ ಅದು ಅಗ್ಗದ ಎಣ್ಣೆಗಳ ಬೆರಕೆಯಾಗಿರಬಹುದು, ಖನಿಜ ತೈಲವೂ ಸೇರಿರಬಹುದು. ಮೇಲೆ ಸುಗಂಧ ಬೇರೆ. ಇಡೀ ಮನೆಗೆ ವಾಸನೆ ಹಿಡಿದು ಗೋಡೆ ಕಪ್ಪಾಗುತ್ತಿದ್ದರೆ ಮೊದಲು ಬದಲಿಸಬೇಕಾದದ್ದು ಬಾಟಲಿಯನ್ನು. ಲೆಕ್ಕ ಹಾಕಿ ನೋಡಿದರೆ ಉಳಿತಾಯವೂ ಅಷ್ಟಕ್ಕಷ್ಟೇ. ಮೂರು ಮಿಲಿಮೀಟರ್ ದಪ್ಪದ ಒಂದು ಬತ್ತಿ ಗಂಟೆಗೆ 5ರಿಂದ 7 ಮಿಲಿಲೀಟರ್ ಎಣ್ಣೆ ಕುಡಿಯುತ್ತದೆ. ಎರಡು ಬತ್ತಿ, ದಿನಕ್ಕೆ ಒಂದು ಗಂಟೆ ಎಂದರೆ 12 ಮಿಲಿ, ತಿಂಗಳಿಗೆ 360. ಕಿಲೋಗೆ 400ರ ದರದಲ್ಲಿ ತಿಂಗಳಿಗೆ ಸುಮಾರು 130 ರೂಪಾಯಿ, ದಿನಕ್ಕೆ ನಾಲ್ಕೂವರೆ. ಒಂದು ಅರ್ಧ ಚಾ ಕೂಡ ಬರುವುದಿಲ್ಲ.

ಬತ್ತಿ, ಇಲ್ಲಿನ ಮಾತಿನಲ್ಲಿ ನೆಣೆ, ದೀಪದ ಅತಿ ಅಗ್ಗದ ಭಾಗ, ಅತಿ ಹೆಚ್ಚು ಕಾಟ ಕೊಡುವುದೂ ಅದೇ. ಅಂಗಡಿಯ ಪ್ಯಾಕೆಟ್ಟಿನಲ್ಲಿ ಬರುವುದು ಯಂತ್ರದಲ್ಲಿ ಗಟ್ಟಿ ತಿರುಚಿದ್ದು. ಎಳೆಗಳ ನಡುವೆ ಸಂದೇ ಇಲ್ಲದಿದ್ದರೆ ಎಣ್ಣೆ ಏರುವುದಾದರೂ ಎಲ್ಲಿಂದ? ತುದಿ ಉರಿದು ಕರಿ ಮೊಗ್ಗಾಗುತ್ತದೆ, ಜ್ವಾಲೆ ಕುಗ್ಗುತ್ತದೆ. ಗಂಜಿ ಹಾಕದ ಹಳೆ ಹತ್ತಿ ಪಂಚೆಯ ತುಂಡು, ಇಲ್ಲವೇ ಹಿಂಜಿದ ಹತ್ತಿ ಉತ್ತಮ. ಅಂಗೈಯಗಲ ಹತ್ತಿಯನ್ನು ತೆಳ್ಳಗೆ ಎಳೆದು, ಅಂಗೈಗೆ ಚೂರು ಭಸ್ಮ ಸವರಿಕೊಂಡು ತೊಡೆಯ ಮೇಲೆ ಹೊಸೆಯಿರಿ. ಬೆರಳಿನಿಂದ ಒತ್ತಿದರೆ ಕುಗ್ಗಿ, ಬಿಟ್ಟರೆ ಮತ್ತೆ ಏಳುವಷ್ಟು ಸಡಿಲ ಇರಲಿ. ಉದ್ದ ನಾಲ್ಕು ಇಂಚು ಸಾಕು. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಡವೇ ಬೇಡ, ಅದು ಹತ್ತಿಯ ಹಾಗೆ ಉರಿಯದೆ ಕರಗಿ ಉಂಡೆಯಾಗುತ್ತದೆ. ಮಳೆ ಜೋರಾಗಿರುವ ಆಟಿಯ ತಿಂಗಳಲ್ಲಿ ಹತ್ತಿ ಗಾಳಿಯಿಂದಲೇ ನೀರು ಎಳೆದುಕೊಳ್ಳುವುದರಿಂದ ಬತ್ತಿಗಳನ್ನು ಡಬ್ಬಿಯಲ್ಲಿ ಹಾಕಿ, ಅಡಿಗೆ ಹುರಿದ ಅಕ್ಕಿ ಒಂದು ಹಿಡಿ ಹರವಿ ಮುಚ್ಚಿಡಿ. ಮಲಯಾಳಿ ಮನೆಗಳಲ್ಲಿ ಎರಡು ಬತ್ತಿಯನ್ನು ತುದಿ ಕೂಡಿಸಿ ಕೈಮುಗಿದ ಹಾಗೆ ಇಡುವ ಕ್ರಮವಿದೆ. ನೋಡಲಿಕ್ಕೂ ಚೆಂದ, ಎಣ್ಣೆ ಏರಲಿಕ್ಕೂ ದಾರಿ ಜಾಸ್ತಿ, ಆದರೆ ಜ್ವಾಲೆ ದಪ್ಪ, ಎಣ್ಣೆ ಖರ್ಚೂ ಆ ಲೆಕ್ಕಕ್ಕೆ.

ಹೊತ್ತಿಸುವ ಕ್ರಮ. ಬಟ್ಟಲು ಒಣಗಿರಬೇಕು, ಒಂದು ತೊಟ್ಟು ನೀರು ಉಳಿದರೂ ಅದು ಎಣ್ಣೆಯ ಅಡಿಗೆ ಹೋಗಿ ಕೂತು, ಬತ್ತಿಗೆ ಏರಿದಾಗ ಸಿಡಿಯುತ್ತದೆ. ಮೊದಲು ಬತ್ತಿ ಇಟ್ಟು, ಅದರ ಮೇಲೇ ಎಣ್ಣೆ ಹೊಯ್ದು, ತುದಿಯನ್ನು ಬೆರಳಿನಿಂದ ಎಣ್ಣೆಯಲ್ಲಿ ಹೊರಳಿಸಿ ಅಂಚಿಗೆ ತನ್ನಿ. ಅಂಚಿನಿಂದ ಅರ್ಧ ಸೆಂಟಿಮೀಟರ್, ಅಂದರೆ ಒಂದು ಅಕ್ಕಿ ಕಾಳಿನಷ್ಟು ಹೊರಗೆ. ಇದಕ್ಕಿಂತ ಹೊರಬಂದರೆ ಜ್ವಾಲೆ ಉದ್ದವಾಗಿ, ತುದಿ ನಡುಗಿ, ಮಸಿ ಏಳುತ್ತದೆ. ಈಗ ಕಡ್ಡಿ ಗೀರಬೇಡಿ. ಎಣ್ಣೆ ಎಳೆ ಎಳೆಗೆ ಇಳಿಯಲು ಎರಡು ನಿಮಿಷ ಬೇಕು.

ಈ ಎರಡು ನಿಮಿಷವೇ ಈ ವಸ್ತುವಿನ ನಿಜವಾದ ಗುಣ ಎಂದು ಅನಿಸುತ್ತದೆ. ಬಟನ್ ಒತ್ತಿದರೆ ಹೊತ್ತುವ ದೀಪದಲ್ಲಿ ಇಲ್ಲದ್ದು ಇದು. ಹಳೆ ಮನೆಗಳಲ್ಲಿ ಮೂವಂತಿಗೆ ಹೊಸ್ತಿಲು ಒರೆಸುವುದು, ಕಾಲು ತೊಳೆಯುವುದು, ತುಳಸಿಗೆ ನೀರು ಹೊಯ್ಯುವುದು, ಮಕ್ಕಳನ್ನು ಜಗಲಿಯಿಂದ ಒಳಗೆ ಕರೆಯುವುದು ಎಲ್ಲವೂ ಬತ್ತಿ ನೆನೆಯುವ ಹೊತ್ತಿಗೆ ಸರಿಯಾಗಿ ಹೊಂದುತ್ತವೆ. ಶಾಸ್ತ್ರ ಎಂದು ಕಾಣುವ ಕ್ರಮ ಕಾಯುವ ಹೊತ್ತಿನ ಬಳಕೆಯೂ ಆಗಿರಬಹುದು. ಮಾಡಲು ಏನೂ ಇಲ್ಲದೆ ಸುಮ್ಮನೆ ಕೂತರೂ ನಡೆಯುತ್ತದೆ. ಒಣ ಹತ್ತಿ ನಿಧಾನಕ್ಕೆ ಬಣ್ಣ ತಿರುಗುತ್ತದೆ, ಬಿಳಿಯಿಂದ ಗಾಜಿನಂತೆ ಪಾರಾಗುವ ಹಾಗೆ, ಬುಡದಿಂದ ತುದಿಯವರೆಗೆ. ತುದಿ ಹಾಗಾದ ಮೇಲೆ ಕಡ್ಡಿ ತಂದರೆ ಮೊದಲ ಕಡ್ಡಿಗೇ ಹೊತ್ತುತ್ತದೆ.

ಮುಕ್ಕಾಲು ಗಂಟೆಯ ಹೊತ್ತಿಗೆ ದೀಪ ಇನ್ನೊಮ್ಮೆ ಕರೆಯುತ್ತದೆ. ತುದಿಯಲ್ಲಿ ಕರಿ ಕಟ್ಟಿ ಬೆಳಕು ಕೆಂಪಾದರೆ ಅದನ್ನು ತಟ್ಟಿ ಬೀಳಿಸಿ, ಬತ್ತಿಯನ್ನು ಒಂದು ಕಾಳಿನಷ್ಟು ಮುಂದೆ ದೂಡಬೇಕು. ತೆಂಗಿನ ಗರಿಯ ಹಸಿ ಕಡ್ಡಿ ಇದಕ್ಕೆ ಸಾಕು (ಹಿಡಿಸೂಡಿಯಿಂದ ಎಳೆದದ್ದಲ್ಲ, ಅಜ್ಜಿಯಂದಿರು ನೋಡುತ್ತಿರುತ್ತಾರೆ). ಜ್ವಾಲೆ ಒಂದೇ ಕಡೆ ವಾಲುತ್ತಿದ್ದರೆ ಗಾಳಿ ಎಲ್ಲಿಂದ ಎಂದು ಗೊತ್ತಾಗುತ್ತದೆ, ಚಟಪಟ ಎಂದರೆ ತೇವ, ಸದ್ದಿಲ್ಲದೆ ಕುಗ್ಗಿದರೆ ಎಣ್ಣೆ ಮುಗಿಯಿತು. ಅಲುಗದ ಮನಸ್ಸಿಗೆ ಗಾಳಿಯಿಲ್ಲದ ಕಡೆಯ ದೀಪದ ಹೋಲಿಕೆ ನಮ್ಮಲ್ಲಿ ಬಹಳ ಹಳೆಯದು. ಹಾಗೆಂದು ಬಾಗಿಲಿರುವ ಪ್ಲೈವುಡ್ ಮಂಟಪದೊಳಗೆ ಮುಚ್ಚಿಟ್ಟರೆ ಉಸಿರಾಡಲು ಗಾಳಿ ಸಾಲದೆ ಮಸಿ ಕಾರುತ್ತದೆ, ಮೇಲಿನ ಹಲಗೆ ಕಾಯುತ್ತದೆ. ಜ್ವಾಲೆಯ ಮೇಲೆ ಒಂದೂವರೆ ಅಡಿ ಖಾಲಿ ಬಿಡಿ. ಮಲಗುವ ಮೊದಲು ದೀಪ ಶಾಂತ ಮಾಡಿ, ಬಾಯಿಯಿಂದ ಊದದೆ, ಬತ್ತಿಯನ್ನು ಕಡ್ಡಿಯಿಂದ ಎಣ್ಣೆಗೆ ಎಳೆದು. ಊದಿದರೆ ಎಣ್ಣೆ ಹಾರುತ್ತದೆ, ಹೊಗೆ ಉಳಿಯುತ್ತದೆ. ಎಂಜಲಿನ ಮಾತು ಬೇರೆಯೇ. ರಾತ್ರಿಯಿಡೀ ಬಿಡುವುದು ಹೆಂಚಿನ ಮನೆಗೆ ಅಪಾಯ: ಎಣ್ಣೆಯ ಆಸೆಗೆ ಇಲಿ ಉರಿಯುವ ನೆಣೆಯನ್ನೇ ಎಳೆದುಕೊಂಡು ಅಟ್ಟ ಹತ್ತುತ್ತದೆ.

ತೊಳೆಯುವುದು ವಾರಕ್ಕೊಮ್ಮೆ. ಮೊದಲು ಜಿಡ್ಡನ್ನು ತೆಂಗಿನ ನಾರಿನಿಂದ ಒಣಗಾಗಿಯೇ ಒರೆಸಿ ತೆಗೆಯಿರಿ, ನೀರು ಆಮೇಲೆ. ಮೊದಲೇ ನೀರು ಹಾಕುವುದೇ ಎಲ್ಲರೂ ಮಾಡುವ ತಪ್ಪು. ನಿಂಬೆಗಾತ್ರದ ಹುಣಸೆಹುಳಿಯನ್ನೋ ನಾಲ್ಕು ಬಿಂಬುಳಿಯನ್ನೋ ಕಿವುಚಿ ಹಚ್ಚಿ, ಐದು ನಿಮಿಷದೊಳಗೆ ಬೂದಿ ಹಾಕಿ ತಿಕ್ಕಿ ತೊಳೆಯಿರಿ. ಬೇಗ ಆಗಲೆಂದು ನಿಂಬೆರಸಕ್ಕೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ: ಹುಳಿ ಸತುವನ್ನು ತಿಂದು ತಾಮ್ರ ಮಾತ್ರ ಮೇಲೆ ಉಳಿದದ್ದು ಅದು. ಮತ್ತೆ ತಿಕ್ಕಿ ತಿಕ್ಕಿ ಹಳದಿ ತರಬೇಕು. ಸ್ಟೀಲ್ ಜುಂಗು ಬೇಡ, ಗೀರು ಬಿದ್ದಲ್ಲಿ ಮುಂದಿನ ಜಿಡ್ಡು ಗಟ್ಟಿಯಾಗಿ ಕೂರುತ್ತದೆ. ತಿರುಪಿನ ಸಂದಿಗೆ ಹಳೆ ಹಲ್ಲುಜ್ಜುವ ಬ್ರಷ್ಷು. ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಕವುಚಿಡದೆ ಬಿಚ್ಚಿ ಇಡಿ.

ಪರ್ಯಾಯಗಳ ಬಗ್ಗೆ ಎರಡು ಮಾತು. ಎಲ್‌ಇಡಿ ದೀಪ ಆಮ್ಲಜನಕದ ಸಿಲಿಂಡರ್ ಇರುವ ರೋಗಿಯ ಕೋಣೆಗೆ, ಕೈ ನಡುಗುವ ಹಿರಿಯರು ಒಬ್ಬರೇ ಇರುವ ಮನೆಗೆ ಸರಿಯಾದ ಆಯ್ಕೆ, ಅದರಲ್ಲಿ ಸಂಕೋಚ ಬೇಡ. ಅದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ, ಹಾಗಾಗಿ ಯಾರೂ ಅದರ ಕಡೆ ನೋಡುವುದೂ ಇಲ್ಲ. ಡಬ್ಬಿಯಲ್ಲಿ ಬರುವ "ತುಪ್ಪದ ಬತ್ತಿ"ಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ, ಹಸುವಿನ ತುಪ್ಪ ಮೈಬಿಸಿಗೆ ಕರಗಲೇಬೇಕು. ಐದು ನಿಮಿಷ ಕಳೆದರೂ ಗಟ್ಟಿಯಾಗಿ ನಿಂತಿದ್ದರೆ ಒಳಗಿರುವುದು ಡಾಲ್ಡಾ ಅಥವಾ ಮೇಣ ಆಗಿರಬಹುದು. ಗಾಜಿನ ಚಿಮಣಿಯ ಹಿತ್ತಾಳೆ ದೀಪ ತುಳಸಿಕಟ್ಟೆಗೆ ಪರವಾಗಿಲ್ಲ, ಮಳೆ ಹನಿ ಬಿಸಿ ಗಾಜಿಗೆ ತಾಗಿದರೆ ಮಾತ್ರ ಸೀಳುತ್ತದೆ.

9 ಇಂಚಿನ ಎರಕದ ದುಂಡು ಬಟ್ಟಲಿನ ದೀಪಕ್ಕೆ ಐದರಲ್ಲಿ ನಾಲ್ಕೂವರೆ. ಅರ್ಧ ಕಳೆದದ್ದು ತಿರುಪಿಗೆ.

ಹೊಸದು ಕೊಳ್ಳುವಾಗ ಹಳೆಯದನ್ನು ಕೊಟ್ಟರೆ ಲೋಹದ ದರ ಕಳೆಯುತ್ತೇವೆ ಎಂದು ಹೆಚ್ಚಿನ ಅಂಗಡಿಯವರು ಹೇಳುತ್ತಾರೆ. ತಕ್ಕಡಿಗೆ ಹಾಕುವ ಮೊದಲು ಅಟ್ಟದ ದೀಪದ ಅಡಿಯ ಅಂಚನ್ನು ಒಮ್ಮೆ ಉಜ್ಜಿ ನೋಡಿ. ಮಸಿಯ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು, ಕೆಲವೊಮ್ಮೆ ಇಸವಿ, ಯಾವ ಮನೆಯಿಂದ ಬಂದದ್ದು ಎಂಬುದು ಇರುತ್ತದೆ. ಅಂಥದ್ದಕ್ಕೆ ಬೇಕಾದದ್ದು ಹೆಚ್ಚಾಗಿ ಹೊಸ ಬಟ್ಟಲಲ್ಲ, ತಿರುಪಿಗೆ ಒಂದಿಷ್ಟು ಜೇನುಮೇಣ.